ಮಲಾರದ ಕೊನೆಯ ಮನೆ

ಫ್ಯಾನಿನ ರೆಕ್ಕೆಗಳು ಒಂದೊಂದಾಗಿ ಕಾಣತೊಡಗಿದವು, ಈವರೆಗೆ ಅದೊಂದು ಬೂದು ಚಕ್ರವಾಗಿತ್ತು, ಹಿಂದಿನ ಓಣಿಯ ಅಕ್ಕಿ ಗಿರಣಿಯ ಸದ್ದೂ ಅದರ ಜೊತೆಗೇ ಇಳಿದು ನಿಂತಿತು, ಅಂದರೆ ಮಾನ್ವಿಗೆ ಮಾನ್ವಿಯೇ ಕರೆಂಟು ಕಳಕೊಂಡಿದೆ, ಹೋಗಲಿ, ಮಂಚದ ಅಂಚಿಗಿಟ್ಟ ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಇದೆ, ಇಂಟರ್ನೆಟ್ಟು ಫೋನಿನದು, ಗುಲ್ಫಶಾ ಫೋನನ್ನು ಕಿಟಕಿಯ ಕಟ್ಟೆಗೆ ಇನ್ನಷ್ಟು ಸರಿಸಿದಳು, ತೆರೆಯ ಮೂಲೆಯಲ್ಲಿದ್ದ ಹೆಂಗಸು ಒಮ್ಮೆ ಕಲ್ಲಾಗಿ ನಿಂತು ಮತ್ತೆ ಜೀವ ಬಂದವಳಂತೆ ಅಲುಗಾಡಿದಳು — ಫಿನ್ಲೆಂಡಿನವಳು, ಐನೋ ಎಂದು ಹೆಸರು, ಹಳೆಯ ಮಾದರಿಯ ಸಾಹಸದ ಆಟಗಳನ್ನು ಆಡುತ್ತ ಅದನ್ನು ನೇರವಾಗಿ ಲೋಕಕ್ಕೆಲ್ಲ ತೋರಿಸುವುದೇ ಅವಳ ಕಸುಬು, ಸಾವಿರಾರು ಮಂದಿ ಕೂತು ನೋಡುತ್ತಾರೆ, ಅಲ್ಲಿ ಈಗ ಬೆಳಗಂತೆ, ಅವಳ ಬೆನ್ನ ಹಿಂದಿನ ಕಿಟಕಿಯಲ್ಲಿ ಹಿಮದ ಬಿಳುಪು ಬಿಟ್ಟರೆ ಬೇರೆ ಬಣ್ಣವಿಲ್ಲ, ಇಲ್ಲಿ ಮಧ್ಯಾಹ್ನ, ಬಾಗಿಲಾಚೆ ಭತ್ತದ ಧೂಳು ಬಿಸಿಲಲ್ಲಿ ತೇಲುತ್ತಿದೆ, ಮತ್ತು ಆ ಹಿಮದೊಳಗೆ ಕೂತ ಹೆಂಗಸು ಈಗ ಆಟದೊಳಗೆ ದೇವದುರ್ಗದ ಸಂತೆ ದಾಟಿ ಕೃಷ್ಣೆಯ ದಂಡೆಯ ಗೂಗಲ್ ಎಂಬ ಹಳ್ಳಿಯ ದಾರಿ ಹಿಡಿದಿದ್ದಾಳೆ, ಗುಲ್ಫಶಾ ಚುಕ್ಕೆ ಚುಕ್ಕೆ ಇಟ್ಟು ಮಾಡಿದ ದಾರಿ, ಆ ಜಾಲಿ ಗಿಡಕ್ಕೆ ಒಂದು ಇಡೀ ವಾರ ಹಿಡಿದಿತ್ತು, ಕಪ್ಪು ಹಸಿರಿನ ಪಕ್ಕಕ್ಕೆ ಯಾವ ಚುಕ್ಕೆ ಇಟ್ಟರೆ ಮುಳ್ಳಾಗುತ್ತದೆ ಎಂದು ತಿಳಿಯಲಿಕ್ಕೇ ಒಂದು ವಾರ, ಅದರ ನೆರಳಲ್ಲಿ ಈಗ ಕಾಣದ ದೇಶದ ಒಬ್ಬಳು ನಿಂತು ಅದು ಯಾವ ಗಿಡ ಎಂದು ಕೇಳುತ್ತಿದ್ದಾಳೆ, ಯಾ ಅಲ್ಲಾ, ಹೀಗೂ ಉಂಟೇ.

ಗಿಡದ ಮೇಲೆ ಒತ್ತಿದಳು ಐನೋ, ಒತ್ತಿದ ಕೂಡಲೇ ಆಟದೊಳಗಿಂದ ಗುಲ್ಫಶಾಳ ಅಮ್ಮಿಯ ದನಿ, ಜಾಲಿ ಗಿಡ ಯವ್ವಾ, ಇದರ ಕೈಗಿ ಬಳಿ ತೊಡಸಾಕ ಹೋದ್ರ ನನ ಕೈಯಾಗ ರಕ್ತ ಬರ್ತದ, ಕೆಳಗೆ ಇಂಗ್ಲಿಷಿನಲ್ಲಿ ಅರ್ಥ ಓಡಿತು, ಐನೋ ತಲೆ ಹಿಂದಕ್ಕೆ ಒಗೆದು ನಕ್ಕಳು, ಬದಿಯಲ್ಲಿ ನೋಡುಗರು ಬರೆಯುವ ಮಾತುಗಳು ಮಳೆಹುಳದಂತೆ ಮೇಲೇಳುತ್ತಿದ್ದವು, ಮತ್ತೆ ಒತ್ತು, ಮತ್ತೆ ಒತ್ತು, ಅವಳು ಮತ್ತೆ ಒತ್ತಿದಳು, ಎಷ್ಟ್ ಸಲ ಕೇಳ್ತಿ ಬೇ, ಗಿಡ ಅಂದ್ರ ಗಿಡ — ಮಂಚದ ಮೇಲೆ ದಿಂಬಿಗೆ ಒರಗಿದ್ದ ಅಮ್ಮಿಯ ಬಾಯಿ ಎಡಗಡೆಗೆ ಮೆಲ್ಲನೆ ಮೇಲಕ್ಕೆ ಸರಿಯಿತು, ಅದು ನಗು, ಈಗೀಗ ಅಮ್ಮಿಯ ನಗು ಅರ್ಧ ಮುಖದ್ದು, ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರನ್ನೂ ಒಯ್ದ ಮೇಲೆ ಉಳಿದದ್ದು ಎಡಗಡೆಯ ಈ ಅರ್ಧ, ಕಣ್ಣು ಮಾತ್ರ ಎರಡೂ ಪೂರ್ತಿ, ಆ ಕಣ್ಣುಗಳು ಈಗ ತೆರೆಯ ಮೇಲೆ ನೆಟ್ಟಿವೆ, ಹೋದ ಮಾತು ಅಲ್ಲಿಂದ ಬರುತ್ತಿದೆ, ಮಂಚದ ಮೇಲೆ ಮೌನ, ತೆರೆಯ ಮೇಲೆ ಬಾಯಿಬಡಕಿ, ಅಮ್ಮಿ ಮಹಬೂಬೀ ಒಬ್ಬಳೇ ಎರಡು ಕಡೆ ಕೂತಂತೆ.

ಮಲಾರ — ಆಟಕ್ಕೆ ಆ ಹೆಸರು ಕೊಟ್ಟವಳು ಸ್ವಪ್ನಾ, ದೇವದುರ್ಗದವಳು, ರಾಯಚೂರಿನ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಇಬ್ಬರೂ ಪಾಠ ಹೇಳುತ್ತಿದ್ದಾಗ ಒಂದೇ ಕೋಣೆ ಬಾಡಿಗೆ ಹಿಡಿದಿದ್ದರು, ಸ್ವಪ್ನಾಳಿಗೆ ಸಂಗೀತ, ಸದ್ದು, ಗುಲ್ಫಶಾಳಿಗೆ ಚಿತ್ರ ಮತ್ತು ಆಟದ ಒಳಗಿನ ಲೆಕ್ಕಾಚಾರ, ಮಲಾರ ಎಂದರೆ ಬಳೆಗಾರ್ತಿಯ ಹೆಗಲ ಮೇಲಿನ ಬಳೆಗಳ ಸರ, ಅಮ್ಮಿ ಮೂವತ್ತು ವರ್ಷ ಅದನ್ನು ಹೊತ್ತು ಮಾನ್ವಿಯಿಂದ ಸಿರವಾರದ ಮೇಲೆ ದೇವದುರ್ಗದ ತನಕ ಊರೂರು ತಿರುಗಿದವಳು, ಮಹಬೂಬೀ ಎನ್ನಲು ಬಾರದೆ ಹಳ್ಳಿಯವರು ಮಾಬವ್ವ ಅಂದರು, ಆಟದಲ್ಲೂ ಅವಳು ಮಾಬವ್ವನೇ, ಕಷ್ಟ ಬಂದಲ್ಲಿ ಕತ್ತಿ ಹಿರಿಯುವುದಿಲ್ಲ, ಮಲಾರಕ್ಕೆ ಕೈ ಹಾಕಿ ಒಂದು ಬಳೆ ತೆಗೆಯುತ್ತಾಳೆ, ಹಳ್ಳ ತುಂಬಿದರೆ, ದಾರಿ ತಪ್ಪಿದರೆ, ಬಸ್ಸಿನಿಂದ ಇಳಿಸಿದರೆ, ಯಾರ ಕೈಗೆ ಯಾವ ಬಣ್ಣ ಹೊಂದುತ್ತದೆ ಎಂದು ತಿಳಿದರೆ ದಾರಿ ತೆರೆಯುತ್ತದೆ, ತೆರೆಯ ಬುಡದಲ್ಲಿ ಹಳೆಯ ಆಟಗಳ ಹಾಗೆ ಕ್ರಿಯಾಪದಗಳ ಸಾಲು, ನೋಡು, ಕೇಳು, ಹಿಡಿ, ಕೊಡು, ತೊಡಿಸು — ಹಳೆಯ ಆಟಗಳು ಗುಲ್ಫಶಾಳಿಗೆ ಸಿಕ್ಕಿದ್ದು ರಾಯಚೂರಿನ ತೀನ್ ಕಂದೀಲಿನ ಹತ್ತಿರ, ಅಣ್ಣ ರಿಹಾನನ ರಿಪೇರಿ ಅಂಗಡಿಯಲ್ಲಿ, ಹೈದರಾಬಾದಿನಿಂದ ಗುಜರಿಗೆ ಬಂದ ಕಂಪ್ಯೂಟರು, ಅದರ ಹೊಟ್ಟೆಯಲ್ಲಿ ಯಾರೋ ಅಳಿಸದೆ ಬಿಟ್ಟ ಆಟ, ದೊಡ್ಡ ದೊಡ್ಡ ಚೌಕದ ಚುಕ್ಕೆಗಳ ಸಮುದ್ರ, ಚೌಕದ ಚಂದ್ರ, ಒಂದೊಂದು ಇಂಗ್ಲಿಷ್ ಪದ ಒತ್ತಿದರೂ ಒಂದೊಂದು ಲೋಕ ಅಲುಗುತ್ತಿತ್ತು, ಇಂಗ್ಲಿಷು ಕಲಿತದ್ದೇ ಹಾಗೆ, ಶಾಲೆಯಲ್ಲಲ್ಲ, ಆ ಚಂದ್ರನಿಗೆ ಹನ್ನೆರಡೇ ಚುಕ್ಕೆ ಇದ್ದಿರಬೇಕು, ಆದರೂ ಅದು ಚಂದ್ರನೇ ಎಂದು ಯಾರು ಹೇಳಿದರು, ಯಾರೂ ಹೇಳಲಿಲ್ಲ, ಕಡಿಮೆ ಕೊಟ್ಟಷ್ಟೂ ಕಣ್ಣು ತಾನೇ ತುಂಬಿಕೊಳ್ಳುತ್ತದೆ, ಇವತ್ತಿಗೂ ಅದು ಅವಳಿಗೆ ಬಿಡಿಸದ ಬೆರಗು.

ಆಟ ಮಾಡಲು ನಾಲ್ಕು ಮಂದಿಯಿಂದ ದುಡ್ಡು ಕೂಡಿಸುವುದು, ಕ್ರೌಡ್‌ಫಂಡಿಂಗ್, ಎಂದು ಸ್ವಪ್ನಾ ಹೇಳಿದಾಗ ಅಮ್ಮಿಗೆ ತಿಳಿಸುವುದು ಕಷ್ಟವಾಗಲಿಲ್ಲ, ಪೀರಲ ಹಬ್ಬಕ್ಕೆ ಓಣಿಯವರೆಲ್ಲ ಪಟ್ಟಿ ಎತ್ತಿದಂಗ, ಅಂದಳು ಅಮ್ಮಿ ತಾನೇ, ಆದ್ರ ಹಬ್ಬ ಕಣ್ಣಿಗಿ ಕಾಣ್ತದ, ಇನ್ನೂ ಹುಟ್ಟದ ಆಟಕ್ಕ ಯಾರು ಕೊಡ್ತಾರ, ಮನೆಯಲ್ಲಿ ದಖನಿ ಉರ್ದುವೇ ಮಾತು, ಆದರೆ ಬಳೆಯ ಸಂಗತಿ ಬಂದರೆ, ಬೇರೆ ಊರಿನವರ ಸಂಗತಿ ಬಂದರೆ ಅಮ್ಮಿಯ ನಾಲಿಗೆ ತಾನಾಗಿ ಕನ್ನಡಕ್ಕೆ ಹೊರಳುತ್ತಿತ್ತು, ಗುಲ್ಫಶಾ ನಕ್ಕಿದ್ದಳು, ಆದರೆ ಅಂಜಿಕೆ ಅವಳಿಗೂ ಅದೇ, ಗುರಿ ಮುಟ್ಟದಿದ್ದರೆ ಕೊಟ್ಟವರಿಗೆಲ್ಲ ಕೊಟ್ಟದ್ದು ವಾಪಸು, ಆಟ ಅಲ್ಲಿಗೇ ಮುಗಿಯಿತು, ಅಮ್ಮಿ ಈ ಮನೆಯ ಬಾಗಿಲಲ್ಲಿ ಮಲಾರ ಹರಡಿ ಕೂತು ಮಾತಾಡಿದ ಸಣ್ಣ ವಿಡಿಯೋ ಹಾಕಿದರು, ದೊಡ್ಡ ಪಾಲು ಕೊಟ್ಟವರಿಗೆ ಮಾನ್ವಿಯಿಂದ ಗಾಜಿನ ಬಳೆ ಕಳಿಸುತ್ತೇವೆ, ಮುಂಗೈ ಅಳತೆ ಬರೆಯಿರಿ ಎಂದರು, ಮೊದಲು ಏನೂ ಇಲ್ಲ, ಆಮೇಲೆ ಒಂದು, ಆಮೇಲೆ ಯಾವ ಯಾವ ದೇಶದಿಂದಲೋ ಮುಂಗೈಗಳು ಬರತೊಡಗಿದವು, ಚಿಲಿ, ಜಪಾನು, ಪೋಲೆಂಡು, ಹೆಂಗಸರವು, ಗಂಡಸರವು, ಅಳತೆ ಓದಿ ಹೇಳಿದರೆ ಸಾಕು ಅಮ್ಮಿ ಕಣ್ಣು ಮುಚ್ಚಿ ಅನ್ನುತ್ತಿದ್ದಳು, ಇವಾ ಎತ್ತರದಾಂವ, ಇಕಿ ಕೂಸಿನ ತಾಯಿ ಆಗ್ಯಾಳ, ಕೈ ಊದ್ಯದ, ಸರಿಯೋ ತಪ್ಪೋ ಯಾರಿಗೆ ಗೊತ್ತು, ದುಡ್ಡು ಕೂಡಿದ ಮೇಲೆ ತಂದೆ, ಅಬ್ಬಾ, ಭತ್ತದ ಹುಲ್ಲು ತಂದು ಒಂದೊಂದು ಡಬ್ಬಿಗೆ ಸುತ್ತಿ ಸುತ್ತಿ ತುಂಬಿದರು, ಕೆಲವು ದಾರಿಯಲ್ಲೇ ಒಡೆದವು, ಒಬ್ಬಾತ ಬರೆದ, ಚೂರುಗಳನ್ನು ಕಿಟಕಿಯಲ್ಲಿ ಇಟ್ಟಿದ್ದೇನೆ, ಬಿಸಿಲು ಬಿದ್ದರೆ ಗೋಡೆ ಹಸಿರಾಗುತ್ತದೆ, ಹುಲ್ಲನ್ನೂ ಎಸೆಯಲಿಲ್ಲ, ಅದರ ವಾಸನೆ ನನಗೆ ಗೊತ್ತಿಲ್ಲದ ಊರಿನದು — ಗುರಿ ಮುಟ್ಟಿದ ದಿನ ಗೆಳತಿಯರಿಬ್ಬರೂ ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವ ಬಸ್ಸಿನಲ್ಲಿದ್ದರು, ಕಲ್ಮಲ ದಾಟುವಾಗ ಸ್ವಪ್ನಾ ಫೋನನ್ನು ಗುಲ್ಫಶಾಳ ತೊಡೆಯ ಮೇಲಿಟ್ಟಳು, ಇಬ್ಬರೂ ಅಳತೊಡಗಿದರು, ಕಂಡಕ್ಟರ್ ಬಂದು ಮೆತ್ತಗೆ ಕೇಳಿದ, ಯಾಕವ್ವಾ, ಊರಾಗ ಯಾರಿಗೇನಾತು, ಏನೆಂದು ಹೇಳುವುದು, ಕಾಣದ ಜನ ಕಾಣದ ವಸ್ತುವನ್ನು ನಂಬಿದರು ಎಂದರೆ ಅವನು ಹೌದೆನ್ನುತ್ತಿದ್ದನೆ.

ಐನೋ ಈಗ ಊರೊಳಗೆ ಬಂದಳು, ಅಲ್ಲಮಪ್ರಭುವಿನ ಗುಡಿಯ ಗಂಟೆ, ಅದು ನಿಜವಾದ ಗೂಗಲ್ಲಿನ ಗಂಟೆ, ಸ್ವಪ್ನಾ ಮೈಕು ಹಿಡಿದು ಮೆಟ್ಟಿಲ ಮೇಲೆ ಕೂತು ತಂದದ್ದು, ಅದರ ಹಿಂದಿನ ನೀರಿನ ಸಪ್ಪಳವೂ ನಿಜವಾದ ಕೃಷ್ಣೆಯದು, ಗುಡಿಯ ಕೆಳಗೆ ಹೊಳೆ, ಹೊಳೆಯ ದಂಡೆಯ ಮೇಲೆ ಒಂದು ಮನೆ, ಕೊನೆಯ ಮನೆ, ಸ್ವಪ್ನಾ ದೇವದುರ್ಗದಿಂದ ಸಂದೇಶ ಕಳಿಸಿದಳು, ಬಂದೇ ಬಿಟ್ಟಳು ನೋಡು — ಆ ಮನೆಯನ್ನು ಗುಲ್ಫಶಾ ಕಲ್ಪಿಸಿದ್ದಲ್ಲ, ಅದು ಅಮ್ಮಿಯ ಬದುಕಿನಲ್ಲಿ ನಡೆದದ್ದು, ಗುಲ್ಫಶಾ ಹುಟ್ಟುವ ಮೊದಲು, ಹಂಪಮ್ಮನೆಂಬ ಗಟ್ಟಿ ಹೆಂಗಸು ಓಣಿಯಲ್ಲಿ ಹೋಗುತ್ತಿದ್ದ ಮಾಬವ್ವನ ರಟ್ಟೆ ಹಿಡಿದು ಒಳಗೆ ಎಳೆದಳು, ಬಾಗಿಲು ಹಾಕಿ ಅಗುಳಿ ಜಡಿದಳು, ಒಳಗೆ ಸೊಸೆ ಬಂಡೆಮ್ಮ, ಮದುವೆಯಾಗಿ ವರ್ಷ ತುಂಬುವುದರೊಳಗೆ ಗಂಡ ಹೊಳೆಪಾಲಾಗಿದ್ದ, ಊರವರು ಬಳೆ ಒಡೆದಿದ್ದರು, ಅತ್ತೆಯೇ ಅಂದಳು, ಈಕಿ ಕೈಗಿ ಬಳಿ ತೊಡಸವ್ವಾ, ಹೋದಾಂವ ನನ ಮಗ, ಊರು ಏನರ ಅಂದ್ರ ನನಗ ಅನ್ನಲಿ, ಮಾಬವ್ವ ಬಂಡೆಮ್ಮನ ಕೈ ಹಿಡಿದು ಹಸಿರು ಬಳೆ ತೊಡಿಸಿದಳು, ತೊಡಿಸುತ್ತ ಒಂದು ಮಾತು ಅಂದಳು, ಗಂಡ ಹೋದ ದಿನದಿಂದ ಅಳದ ಹುಡುಗಿ ಆಗ ಅತ್ತಳು — ಏನಂದೆ ಅಮ್ಮಿ, ಎಂದು ಗುಲ್ಫಶಾ ಎಷ್ಟು ಕೇಳಿದರೂ, ಅದು ಬಂಡೆಮ್ಮಗ ಅಂದದ್ದು, ನಿನಗಲ್ಲ.

ಆದರೆ ಆ ಮಾತನ್ನು ಆಟಕ್ಕೆ ಕೊಡಲು ಒಪ್ಪಿದ್ದಳು, ಮೈಕಿಗೆ ಅಮ್ಮಿ ಇಟ್ಟ ಹೆಸರು ಕರಿ ಬದನೀಕಾಯಿ, ಹೊರಗಿನ ಸದ್ದು ಬಾರದಂತೆ ಹಾಸಿಗೆಯ ಗೂಡು ಕಟ್ಟಿ ಅದರೊಳಗೆ ಕೂತು ತಿಂಗಳುಗಟ್ಟಲೆ ಕರಿ ಬದನೀಕಾಯಿಯ ಮುಂದೆ ಮಾತಾಡಿದಳು, ನಾಯಿಗೊಂದು ಮಾತು, ಬಾವಿಗೊಂದು, ಮುಚ್ಚಿದ ಬಾಗಿಲಿಗೊಂದು, ಬರೆದುಕೊಟ್ಟದ್ದನ್ನು ಕೇಳಿಸಿಕೊಂಡು ಅದನ್ನು ಬಿಟ್ಟು ಬೇರೆಯೇ ಅನ್ನುತ್ತಿದ್ದಳು, ಅದೇ ಚೆನ್ನಾಗಿರುತ್ತಿತ್ತು, ಕೊನೆಯ ಮಾತು ಒಂದನ್ನು ಮಾತ್ರ ಹಿಡಿದಿಟ್ಟಳು, ಅದು ಸುಮ್ ಸುಮ್ನ ಅನ್ನೂದಲ್ಲ ಬೇಟಾ, ಮೊದಲು ನೀ ಆಕಿ ಕೈ ಬರಿ, ಕೈ ನೋಡಿ ಅಂತೀನಿ, ಗುಲ್ಫಶಾ ಬರೆದಳು, ತೆರೆಯ ತುಂಬ ಎರಡೇ ಕೈ, ಒಂದು ಹಿಡಿದದ್ದು ಒಂದು ಹಿಡಿಸಿಕೊಂಡದ್ದು, ಬೆರಳುಗಳನ್ನು ಮೊಗ್ಗಿನಂತೆ ಒಟ್ಟು ಮಾಡಿ ಮೂಳೆ ಸರಿಸುವ ಬಳೆಗಾರ್ತಿಯ ಪಟ್ಟು ಚುಕ್ಕೆಯಲ್ಲಿ ಬರಲು ಕಾಡಿಸಿತು, ಬಂತು, ಬಂದ ಹೊತ್ತಿಗೆ ಅಮ್ಮಿ ರಾಯಚೂರಿನ ಆಸ್ಪತ್ರೆಯಲ್ಲಿ ಕಣ್ಣು ತೆರೆದು ಮಲಗಿದ್ದಳು, ಬಾಯಿಂದ ಬಂದದ್ದು ಮಾತಲ್ಲ, ಉಸಿರಿನಂಥದ್ದೇನೋ, ಅಕ್ಷರ ಕಲಿತವಳಲ್ಲ ಬರೆದು ತೋರಿಸಲು — ಸ್ವಪ್ನಾ ಗೂಗಲ್ಲಿಗೆ ಹೋಗಿ ವಿಚಾರಿಸಿ ಬಂದಳು, ಅತ್ತೆ ಸೊಸೆ ಇಬ್ಬರೂ ತೀರಿಕೊಂಡು ಬಹಳ ವರ್ಷವಾಯಿತಂತೆ, ಬಂಡೆಮ್ಮನಿಗೆ ಕೊನೆತನಕ ಕೈತುಂಬ ಬಳೆ ಇದ್ದವಂತೆ, ಇದನ್ನು ಹೇಳುವಾಗ ಸ್ವಪ್ನಾಳ ದನಿ ತಗ್ಗಿತು, ಆ ಊರಿನವರು ಅದನ್ನು ಊರಿನ ಹೆಮ್ಮೆಯಂತೆ ಹೇಳಿದರು ಎಂದಳು, ಒಂದು ಮಾತು ಏನೇನು ಮಾಡಿತ್ತೋ, ಅದು ಈಗ ಲೋಕದಲ್ಲಿ ಒಬ್ಬರ ಎದೆಯಲ್ಲಿ ಮಾತ್ರ ಇದೆ, ಬಾಗಿಲಿಲ್ಲದ ಮನೆಯಲ್ಲಿ ಇದ್ದಂತೆ.

ಆಟಕ್ಕೆ ದುಡ್ಡು ಕೊಟ್ಟವರಲ್ಲಿ ಒಬ್ಬ, ಒಳ್ಳೆಯವನೇ, ಸುದ್ದಿ ತಿಳಿದು ಬರೆದಿದ್ದ, ಇರುವ ದನಿಯನ್ನು ಕಳಿಸಿ, ಯಂತ್ರ ಅದನ್ನು ಕಲಿತು ನೀವು ಹೇಳಿದ್ದನ್ನು ಆಕೆಯ ದನಿಯಲ್ಲೇ ಅನ್ನುತ್ತದೆ, ಗುಲ್ಫಶಾ ಬೇಡವೆಂದೇ ಅಂದುಕೊಂಡು ಕಳಿಸಿದಳು, ಒಂದು ಮಾತು ತಾನೇ ಬರೆದಳು, ನಿನ ಕೈ ನಿನದವ್ವಾ, ಎಂದೇನೋ, ಅದು ತಿರುಗಿ ಬಂತು, ಅಮ್ಮಿಯ ದನಿ, ಅಮ್ಮಿಯ ಏರಿಳಿತ, ಅಂಬಾಡೆಲೆ, ಅಡಿಕೆ ಮೆಲ್ಲುವವರ ನಾಲಿಗೆಯ ಆ ಸಣ್ಣ ತೊಡಕು ಕೂಡ, ಕುಣಿಯುವಷ್ಟು ಸಂತೋಷ, ಹೆದರಿ ಓಡುವಷ್ಟು ದಿಗಿಲು, ಎರಡೂ ಒಟ್ಟಿಗೆ, ಲ್ಯಾಪ್‌ಟಾಪನ್ನು ಮಂಚದ ಮೇಲಿಟ್ಟು ಕೇಳಿಸಿದಳು, ಅಮ್ಮಿ ಕೇಳಿದಳು, ಇನ್ನೊಮ್ಮೆ ಕೇಳಿಸು ಎಂಬಂತೆ ಗದ್ದ ಎತ್ತಿದಳು, ಕೇಳಿದಳು, ಆಮೇಲೆ ಎಡಗೈ ನಿಧಾನವಾಗಿ ಮುಂದಕ್ಕೆ ಬಂದು ಲ್ಯಾಪ್‌ಟಾಪಿನ ಮುಚ್ಚಳವನ್ನು ಮುಚ್ಚಿತು, ಸಿಟ್ಟಿಲ್ಲ, ನಿದ್ದೆ ಹೋದ ಕೂಸಿನ ಮೇಲೆ ಕೌದಿ ಎಳೆದಂತೆ ಮುಚ್ಚಿದಳು, ಸಂಜೆ ಸ್ವಪ್ನಾಳಿಗೆ ಫೋನು ಮಾಡಿ, ಮಾತಿಲ್ದನೇ ಬಿಡೂಣು ಕೊನೀ ಮನಿ, ಅಂದಳು ಗುಲ್ಫಶಾ, ನೋಡಿದವ್ರು ಕೆಟ್ಟದ ಅಂತಾರ ಗುಲ್ಫಶಾ, ಎಂದಳು ಸ್ವಪ್ನಾ, ಆಟ ಕೆಟ್ಟದ ಅಂತಾರ, ಎಲ್ಲಾ ಕಡಿ ಮಾತಾಡಿ ಅಲ್ಲೇ ಬಾಯಿ ಮುಚ್ಚಿದ್ರ — ಕೊಟ್ಟವರಿಗೆಲ್ಲ ಇದ್ದದ್ದನ್ನು ಇದ್ದ ಹಾಗೆ ಬರೆದರು, ಪೂರ್ತಿ ಮಾತಿನ ಆಟ ಎಂದಿದ್ದೆವು, ಒಂದು ಮಾತು ಇಲ್ಲ, ಬೇಡವೆಂದವರಿಗೆ ಕೊಟ್ಟದ್ದನ್ನು ಮರಳಿಸುತ್ತೇವೆ, ಕೇಳಿದವರು ಬೆರಳೆಣಿಕೆಯ ಮಂದಿ, ಉಳಿದವರು ಆ ಮಾತು ಆಕೆಯದು, ಆಕೆಯ ಹತ್ತಿರವೇ ಇರಲಿ ಎಂದು ಬರೆದರು, ಗೊತ್ತಿಲ್ಲದ ಭಾಷೆಗಳಲ್ಲಿ ಬರೆದರು, ಗುಲ್ಫಶಾ ಅವನ್ನೆಲ್ಲ ದಖನಿಗೆ ತಂದು ಓದಿ ಹೇಳಿದಳು, ಅಮ್ಮಿ ಕಣ್ಣು ಮುಚ್ಚಿ ಕೇಳಿದಳು, ಆಗಿನ ಮುಂಗೈಗಳನ್ನು ಮತ್ತೆ ಒಂದೊಂದಾಗಿ ಹಿಡಿದವಳಂತೆ.

ಆದರೆ ದುಡ್ಡು ಕೊಟ್ಟ ಅವರಿಗೆ ಇದು ಗೊತ್ತಿತ್ತು, ಈ ಐನೋಳಿಗೆ ಗೊತ್ತಿಲ್ಲ, ಅವಳನ್ನು ನೋಡುತ್ತಿರುವ ಸಾವಿರಾರು ಮಂದಿಗೂ ಗೊತ್ತಿಲ್ಲ, ಅವಳು ಪಾಲು ಕೊಟ್ಟವಳಲ್ಲ, ಯಾರೋ ಹೇಳಿದರೆಂದು ಆಡಲು ಕೂತವಳು, ಇವತ್ತು ಇವಳು ಕೆಟ್ಟಿದೆ ಎಂದರೆ ನಾಳೆ ಎಲ್ಲರಿಗೂ ಅದು ಕೆಟ್ಟ ಆಟ — ಬಾಗಿಲು ತೆರೆಯಿತು, ಹಂಪಮ್ಮ ಒಳಗೆಳೆದಳು, ಅಗುಳಿ, ಕತ್ತಲೆ, ನಂತರ, ಆ ಎರಡು ಕೈಗಳ ಚಿತ್ರಕ್ಕೂ ಮೊದಲು, ತೆರೆಯ ತುಂಬ ಮಾಬವ್ವನ ತೆರೆದ ಅಂಗೈ, ಬಂಡೆಮ್ಮನ ಕೈಗೆ ಕಾಯುತ್ತಿರುವ ಅಂಗೈ, ಬುಡದ ಕ್ರಿಯಾಪದಗಳು ಒಂದೊಂದಾಗಿ ಮಾಯವಾದವು, ನೋಡು ಹೋಯಿತು, ಕೇಳು ಹೋಯಿತು, ಯಾವುದೂ ಉಳಿಯಲಿಲ್ಲ, ಹೊಳೆಯ ಸಪ್ಪಳ ಮಾತ್ರ, ಐನೋ ಒತ್ತಿದಳು, ಮಾತಿಲ್ಲ, ಮತ್ತೆ ಒತ್ತಿದಳು, ಕಿವಿಯ ಮೇಲಿನ ಹೆಡ್‌ಫೋನನ್ನು ತಟ್ಟಿ ನೋಡಿದಳು, ಬದಿಯಲ್ಲಿ ಮಾತುಗಳು ನುಗ್ಗಿದವು, ದನಿ ಹೋಯಿತೇ, ಕೆಟ್ಟಿತೇ, ಅಯ್ಯೋ ಇಷ್ಟು ಚೆನ್ನಾಗಿತ್ತಲ್ಲ, ಗುಲ್ಫಶಾಳ ಬೆರಳು ಕೀಲಿಗಳ ಮೇಲೆ ಬಂತು, ಬರೆದುಬಿಡುತ್ತೇನೆ, ಕೆಟ್ಟಿಲ್ಲ, ಇದು ಹೀಗೇ, ನನ್ನ ತಾಯಿ — ಅದನ್ನು ದೇವದುರ್ಗದಿಂದಲೇ ಊಹಿಸಿದಂತೆ ಸ್ವಪ್ನಾಳ ಸಂದೇಶ ಹೊಳೆಯಿತು, ಬ್ಯಾಡ, ಸುಮ್ನಿರು, ಬೆರಳು ನಿಂತಿತು, ಐನೋ ಒತ್ತುವುದನ್ನು ಬಿಟ್ಟಿದ್ದಳು, ಮುಖ ತೆರೆಯ ಹತ್ತಿರ ತಂದು ಆ ಅಂಗೈಯನ್ನು ನೋಡುತ್ತಿದ್ದಳು, ನೀರು ಸಪ್ಪಳ ಮಾಡುತ್ತಿತ್ತು, ಗೂಗಲ್ಲಿನ ನೀರು, ಹಿಮದ ಕಿಟಕಿಯ ಮನೆಯಲ್ಲಿ, ಆಕೆ ಮಾತಾಡುತ್ತಿಲ್ಲ ಎಂದಳು ಐನೋ ಪಿಸುಗುಟ್ಟಿ, ಇಷ್ಟು ದಾರಿ ಮಾತಾಡಿ ಬಂದವಳು ಇಲ್ಲಿ ಮಾತಾಡುತ್ತಿಲ್ಲ, ನಾವೂ ಬೇಡ, ಮತ್ತು ಬದಿಯ ಮಾತುಗಳ ಮಳೆ ಇಳಿಯಿತು, ಹನಿ ಹನಿಯಾಯಿತು, ನಿಂತೇ ಹೋಯಿತು, ಅಷ್ಟು ದೇಶ, ಅಷ್ಟು ಮಂದಿ, ಯಾರೂ ಏನೂ ಬರೆಯುತ್ತಿಲ್ಲ, ಖಾಲಿ ಬಿಳಿ ಜಾಗ, ಅದರ ತುಂಬ ಜನ, ಗುಲ್ಫಶಾ ಉಸಿರು ಬಿಡಲಿಲ್ಲ, ಬಿಟ್ಟರೆ ಅಲ್ಲಿ ಕೇಳಿಸೀತು ಎಂಬಂತೆ.

ಆಗ ಐನೋ ಮೌಸನ್ನು ಬದಿಗೆ ಸರಿಸಿದಳು, ಯಾರೂ ಹೇಳಿಕೊಡಲಿಲ್ಲ, ಆಟದಲ್ಲಿ ಅಂಥದ್ದೇನೂ ಇಲ್ಲ, ಮುಂದಿನ ಗುಂಡಿ ಅಂಗೈಯ ನಡುವೆಯೇ ಇದೆ, ಅದನ್ನು ಅವಳು ಒತ್ತಲಿಲ್ಲ, ತೋಳಿನ ಉಣ್ಣೆಯನ್ನು ಮೊಣಕೈ ತನಕ ಮೇಲಕ್ಕೆ ಎಳೆದು ತನ್ನ ಕೈಯನ್ನೇ ಮುಂದಕ್ಕೆ ಚಾಚಿದಳು, ಕ್ಯಾಮೆರಾದ ಕಡೆಗೆ, ಆ ಅಂಗೈಯ ಕಡೆಗೆ, ಕೈ ದೊಡ್ಡದಾಗುತ್ತ ಬಂತು, ಮುಖ ಮರೆಯಾಯಿತು, ಹಿಮದ ಕಿಟಕಿ ಮರೆಯಾಯಿತು, ಬರೀ ಮುಂಗೈ, ನೀಲಿ ನರ, ಗೆಣ್ಣು, ಬಳೆ ಕಾಣದ ಕೈ, ಮಂಚದಲ್ಲಿ ಏನೋ ಅಲುಗಿತು, ಕೌದಿ ಸರಿದ ಸದ್ದು, ಗುಲ್ಫಶಾಳ ಕಣ್ಣಂಚಿನಲ್ಲಿ ಅಮ್ಮಿಯ ಎಡಗೈ ಮೇಲೆದ್ದಿತು, ತೆರೆಯ ಕಡೆಗೆ ಬಂತು, ಬೆರಳುಗಳು ತಾವಾಗಿ ಬಾಗಿದವು, ಮೂಳೆ ಹಿಡಿಯುವ ಹಾಗೆ, ಮೂವತ್ತು ವರ್ಷ ಬಾಗಿದ ಹಾಗೆ, ಅಮ್ಮಿಯ ಗಂಟಲಲ್ಲಿ ಒಂದು ಸದ್ದು, ಉಸಿರಲ್ಲ, ಉಸಿರಿಗಿಂತ ಗಟ್ಟಿ, ಒಂದರ ಹಿಂದೆ ಒಂದು ಪೋಣಿಸಿದ ಹಾಗೆ, ಆರಂಭವೂ ಇದೆ ಕೊನೆಯೂ ಇದೆ, ಅದೇನು, ಅದೇ ಏನು, ಬಂಡೆಮ್ಮನಿಗೆ ಅಂದದ್ದೇ, ತನಗೆ ತಿಳಿಯದಂತೆ ತನ್ನ ಮುಂದೆಯೇ ಅನ್ನುತ್ತಿದ್ದಾಳೆಯೇ, ತಿರುಗಿ ಅಮ್ಮಿಯ ಬಾಯಿ ನೋಡಬೇಕು, ತಿರುಗಲಿಕ್ಕೆ ಆಗುತ್ತಿಲ್ಲ, ಕಣ್ಣು ಅಲ್ಲಿಂದ ಬರುತ್ತಿಲ್ಲ, ಆ ಕೈ ಹಿಂದಕ್ಕೆ ಹೋಗುತ್ತಿಲ್ಲ, ಕಾಯುತ್ತಿದೆ, ಹಿಮದೂರಿನ ಮುಂಗೈ, ಎಲ್ಲಿಯದೋ, ಯಾರದೋ, ಇಷ್ಟು ಹತ್ತಿರ, ಬರಿಗೈ, ನೀಲಿ ನರ, ಅಮ್ಮಿಯ ಬೆರಳು ತೆರೆಯ ಗಾಜಿಗೆ ತಾಗಿತು, ಬರಿಗೈ, ಚಾಚಿದ್ದು, ಹಾಗೇ, ಬರಿಗೈ —